ಬೆಸುಗೆ ಬಿಗಿಯಿದ್ದರೆ ಸಾಕೆ?

ಅಜ್ಜಂಪುರ ತಾಲ್ಲೂಕಿನ ಶಿವನಿ ಹೋಬಳಿಯಲ್ಲಿ ಹಸು ಕಟ್ಟಿರುವ ಮನೆಗಳು ದಿನಕ್ಕೆರಡು ಸಲ ಪರೀಕ್ಷೆ ಎದುರಿಸುತ್ತವೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕ್ಯಾನು ಹಿಡಿದು ಡೈರಿಗೆ ಹೋದರೆ ಅಲ್ಲಿ ಹಾಲನ್ನು ಸುಮ್ಮನೆ ಸುರಿದುಕೊಳ್ಳುವುದಿಲ್ಲ. ಮೂಸುತ್ತಾರೆ, ಲ್ಯಾಕ್ಟೋಮೀಟರ್ ಇಳಿಬಿಡುತ್ತಾರೆ, ಚೂರು ಮಾದರಿ ತೆಗೆದು ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಎಂದು ಬರೆದುಕೊಳ್ಳುತ್ತಾರೆ. ಅಂಕಿ ಕಡಿಮೆ ಬಂದರೆ ದುಡ್ಡು ಕಡಿಮೆ. ಹುಳಿ ವಾಸನೆ ಬಂದರೆ ಕ್ಯಾನು ವಾಪಸ್ಸು. ಇದರ ಬಗ್ಗೆ ಯಾರೂ ತಕರಾರು ಮಾಡುವುದಿಲ್ಲ, ಏಕೆಂದರೆ ಹತ್ತಾರು ಮನೆಯ ಹಾಲು ಒಂದೇ ತೊಟ್ಟಿಗೆ ಬೀಳುತ್ತದೆ. ಒಂದು ಕ್ಯಾನು ಕೆಟ್ಟಿದ್ದರೆ ತೊಟ್ಟಿಯೇ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಅದೇ ಮನೆಯವರು ಹಾಲು ಹಾಕಿ ಬರುವಾಗ ಅಂಗಡಿಯಲ್ಲಿ ಎಣ್ಣೆ ಪ್ಯಾಕೆಟ್ಟು, ಬಿಸ್ಕತ್ತು, ಕಾಫಿಪುಡಿ, ಮೊಸರು, ಮಗುವಿಗೆ ಜ್ವರದ ಸಿರಪ್ಪು, ಹೊಲಕ್ಕೆ ಔಷಧಿ ಕೊಳ್ಳುತ್ತಾರೆ. ಇವುಗಳಲ್ಲಿ ಒಂದನ್ನೂ ತಿರುಗಿಸಿ ನೋಡುವುದಿಲ್ಲ. ಬಾಯಿ ಮುಚ್ಚಿದೆಯಲ್ಲ, ಅಷ್ಟು ಸಾಕು ಎಂಬ ನಂಬಿಕೆ. ತನ್ನ ಹಾಲಿಗೆ ದಿನವೂ ಪರೀಕ್ಷೆ ಒಪ್ಪಿಕೊಂಡ ರೈತನಿಗೆ, ತಾನು ದುಡ್ಡು ಕೊಟ್ಟು ತರುವ ವಸ್ತುವನ್ನು ಪರೀಕ್ಷಿಸುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿದೆ ಎಂದು ನಾನು ನಂಬುತ್ತೇನೆ. ಆದರೆ ಏನನ್ನು ಪರೀಕ್ಷಿಸಬೇಕು ಎಂಬುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಬೇಕು.

ಮುಚ್ಚಿದ ಪ್ಯಾಕೆಟ್ಟಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಎರಡು. ತುಂಬುವಾಗ ಒಳಗೆ ಹೋದದ್ದು ಒಳ್ಳೆಯದೇ ಆಗಿತ್ತೆ? ತುಂಬಿದ ಮೇಲೆ ಗಾಳಿ, ತೇವ, ಕ್ರಿಮಿ ಅಥವಾ ಯಾರದೋ ಕೈ ಒಳಗೆ ಹೋಗಿದೆಯೆ? ಸೀಲು ಉತ್ತರ ಹೇಳುವುದು ಎರಡನೆಯ ಪ್ರಶ್ನೆಗೆ ಮಾತ್ರ. ಮೊದಲನೆಯದರ ಬಗ್ಗೆ ಅದು ಏನನ್ನೂ ಹೇಳಲಾರದು. ನಾವು ಸೀಲು ನೋಡಿ ಎರಡಕ್ಕೂ ಉತ್ತರ ಸಿಕ್ಕಿತು ಎಂದುಕೊಳ್ಳುತ್ತೇವೆ. ಮೋಸ ಮಾಡುವವರು ನಿಂತಿರುವುದೇ ಈ ಗೊಂದಲದ ಮೇಲೆ.

ಮೊದಲು ಸೀಲಿನ ವಿಷಯಕ್ಕೆ ಬರೋಣ. ಹಾಲಿನ ಪ್ಯಾಕೆಟ್ಟಿನಿಂದಲೇ ಶುರುಮಾಡಿದರೆ ಅರ್ಥವಾಗುವುದು ಸುಲಭ. ಚಿಕ್ಕಮಗಳೂರು ಜಿಲ್ಲೆ ಹಾಸನ ಹಾಲು ಒಕ್ಕೂಟಕ್ಕೆ ಸೇರಿದೆ. ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಅದರ ವ್ಯಾಪ್ತಿ. ಹಳ್ಳಿಗಳ ಹಾಲು ಶೀತಲ ಘಟಕಗಳ ಮೂಲಕ ಡೈರಿ ಸೇರುತ್ತದೆ. ಅಲ್ಲಿ 72 ಡಿಗ್ರಿ ಶಾಖದಲ್ಲಿ 15 ಸೆಕೆಂಡು ಕಾದು, ಕೂಡಲೇ ನಾಲ್ಕೈದು ಡಿಗ್ರಿಗೆ ತಣಿದು, ಪಾಲಿಥೀನ್ ಹಾಳೆಯೊಳಗೆ ಕೂರುತ್ತದೆ. ಆ ಹಾಳೆ ಬರುವುದು ದೊಡ್ಡ ಸುರುಳಿಯಾಗಿ. ಯಂತ್ರ ಅದನ್ನು ಕೊಳವೆಯಂತೆ ಮಡಚಿ ಉದ್ದಕ್ಕೆ ಒಂದು ಬೆಸುಗೆ ಹಾಕುತ್ತದೆ. ಆಮೇಲೆ ಅಡ್ಡ ಬೆಸುಗೆ ಹಾಕಿ ತಳ ಮುಚ್ಚುತ್ತದೆ, ಹಾಲು ಬಿಡುತ್ತದೆ, ಮತ್ತೊಂದು ಅಡ್ಡ ಬೆಸುಗೆಯಿಂದ ಬಾಯಿ ಮುಚ್ಚಿ ಕತ್ತರಿಸುತ್ತದೆ. ಒಂದು ಪ್ಯಾಕೆಟ್ಟಿನ ಬಾಯಿ ಮುಚ್ಚುವ ಹೊತ್ತಿಗೇ ಮುಂದಿನದರ ತಳವೂ ಸಿದ್ಧವಾಗಿರುತ್ತದೆ. ಮೂರೂ ಬೆಸುಗೆಗಳನ್ನು ನೀವು ಕೈಯಲ್ಲಿ ಹಿಡಿದ ಪ್ಯಾಕೆಟ್ಟಿನಲ್ಲೇ ನೋಡಬಹುದು: ಬೆನ್ನ ಮೇಲೆ ಉದ್ದಗೆರೆ, ಮೇಲೆ ಕೆಳಗೆ ಒಂದೊಂದು ಅಡ್ಡಗೆರೆ.

ಇಲ್ಲಿ ಅಂಟು ಎಂಬುದೇ ಇಲ್ಲ. ಎರಡು ಹಾಳೆ ಶಾಖಕ್ಕೆ ಕರಗಿ ಒಂದರೊಳಗೊಂದು ಬೆರೆತು ತಣಿದಾಗ ಒಂದೇ ಹಾಳೆಯಾಗುತ್ತವೆ. ಹಾಗಾಗಬೇಕಾದರೆ ಶಾಖ, ಒತ್ತಡ, ಹೊತ್ತು ಈ ಮೂರೂ ಕೂಡಿಬರಬೇಕು. ಶಾಖ ಕಡಿಮೆಯಾದರೆ ಬೆಸುಗೆ ಹಿಡಿದಂತೆ ಕಂಡರೂ ಎಳೆದಾಗ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ. ಹೆಚ್ಚಾದರೆ ಹಾಳೆ ತೆಳುವಾಗಿ, ಬೆಸುಗೆಯ ಪಕ್ಕದಲ್ಲೇ ಕತ್ತರಿಸಿದಂತೆ ಹರಿಯುತ್ತದೆ. ನಾವು ನೋಡುವ ಬಹಳಷ್ಟು ಸೋರಿಕೆ ಬೆಸುಗೆಯ ಮೇಲಿರುವುದಿಲ್ಲ, ಬೆಸುಗೆಯ ಒಳ ಅಂಚಿನಲ್ಲಿರುತ್ತದೆ. ಇನ್ನೊಂದು ಕಾರಣ ಬೆಸುಗೆ ಬೀಳುವ ಜಾಗದಲ್ಲಿ ಸಿಕ್ಕಿಕೊಳ್ಳುವ ವಸ್ತು. ಎರಡು ಹಾಳೆಗಳ ನಡುವೆ ಒಂದು ಚಿಟಿಕೆ ಖಾರದ ಪುಡಿ, ಒಂದು ಹನಿ ಎಣ್ಣೆ ಸಿಕ್ಕಿದರೂ ಅಲ್ಲಿ ಕೂದಲೆಳೆಯಷ್ಟು ದಾರಿ ಉಳಿದುಬಿಡುತ್ತದೆ. ಕಣ್ಣಿಗೆ ಕಾಣದ ಆ ದಾರಿಯಲ್ಲಿ ಹಾಲು ಸೋರದೆಯೂ ಇರಬಹುದು, ಆದರೆ ಗಾಳಿ ಮತ್ತು ಬ್ಯಾಕ್ಟೀರಿಯಾಗಳಿಗೆ ಅಷ್ಟು ಸಾಕು. ಮಸಾಲೆ ಪುಡಿಯ ಪ್ಯಾಕೆಟ್ಟುಗಳಲ್ಲಿ ಬಾಯಿಯ ಬೆಸುಗೆ ಅಗಲವಾಗಿರುವುದು, ಅದರ ಮೇಲೆ ಏಣುಏಣಾದ ಗೆರೆಗಳಿರುವುದು ಇದೇ ಕಾರಣಕ್ಕೆ. ಒಂದು ಗೆರೆಯಲ್ಲಿ ಪುಡಿ ಸಿಕ್ಕಿಕೊಂಡರೂ ಇನ್ನೊಂದು ಗೆರೆ ತಡೆಯಲಿ ಎಂಬ ಲೆಕ್ಕ.

ಕಾರ್ಖಾನೆಗಳಲ್ಲಿ ಇದನ್ನು ಪರೀಕ್ಷಿಸುವ ವಿಧಾನಗಳು ನೋಡಲು ಬಹಳ ಸರಳ. ಪ್ಯಾಕೆಟ್ಟನ್ನು ನೀರಿನ ಪೆಟ್ಟಿಗೆಯಲ್ಲಿ ಮುಳುಗಿಸಿ, ಪೆಟ್ಟಿಗೆಯ ಗಾಳಿ ಹೀರಿದರೆ ಪ್ಯಾಕೆಟ್ಟು ಒಳಗಿಂದ ಉಬ್ಬುತ್ತದೆ. ತೂತಿದ್ದರೆ ಗುಳ್ಳೆಗಳ ಸಾಲು ಎದ್ದು ಬರುತ್ತದೆ. ಬಣ್ಣದ ದ್ರವವನ್ನು ಬೆಸುಗೆಯ ಅಂಚಿಗೆ ಹಾಕಿ ಅದು ಒಳಗೆ ಹರಿಯುತ್ತದೆಯೇ ಎಂದು ನೋಡುವುದು ಇನ್ನೊಂದು. ಬೆಸುಗೆಯ ಪಟ್ಟಿ ಕತ್ತರಿಸಿ ಎಷ್ಟು ಬಲಕ್ಕೆ ಬಿಡುತ್ತದೆ ಎಂದು ಎಳೆದು ಅಳೆಯುವುದು ಮತ್ತೊಂದು. ಮೊದಲನೆಯದನ್ನು ಮನೆಯಲ್ಲೂ ಮಾಡಬಹುದು. ಅನುಮಾನ ಬಂದ ಪ್ಯಾಕೆಟ್ಟನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಎರಡೂ ಅಂಗೈಯಿಂದ ನಿಧಾನವಾಗಿ ಒತ್ತಿ, ಗುಳ್ಳೆ ಎದ್ದರೆ ಎಲ್ಲಿಂದ ಎದ್ದಿತು ಎಂದು ನೋಡಿ.

ಕಾರ್ಖಾನೆಯ ಬಾಗಿಲು ದಾಟುವಾಗ ಸರಿಯಿದ್ದ ಬೆಸುಗೆ ನಮ್ಮ ಕೈಗೆ ಬರುವಾಗಲೂ ಸರಿಯಿರುತ್ತದೆ ಎನ್ನುವಂತಿಲ್ಲ. ಲಾರಿಯಲ್ಲಿ ಕ್ರೇಟಿನ ಮೇಲೆ ಕ್ರೇಟು, ಬೀರೂರು ಅಜ್ಜಂಪುರ ದಾಟಿ ಬರುವ ಹಾದಿಯ ಕುಲುಕಾಟ, ಏಪ್ರಿಲ್ ಮಧ್ಯಾಹ್ನದ ಬಿಸಿಲು, ಅಂಗಡಿಯಲ್ಲಿ ಮೊಳೆಗೆ ನೇತುಹಾಕಿದ ಸರ, ರಾತ್ರಿ ಮೂಟೆಗಳ ಸಂದಿಯಲ್ಲಿ ಓಡಾಡುವ ಇಲಿ. ಪ್ಯಾಕೆಟ್ಟಿನ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುಹಾದಿಯಲ್ಲಿ ಶಿವನಿಗೆ ನಿಲ್ದಾಣವಿದೆ ನಿಜ, ಆದರೆ ಅಂಗಡಿ ಸಾಮಾನು ಬರುವುದು ಸಣ್ಣ ಸಣ್ಣ ಗಾಡಿಗಳಲ್ಲಿ, ಕೈಯಿಂದ ಕೈಗೆ. ಹಾದಿ ಉದ್ದವಾದಷ್ಟೂ, ಕೈ ಹೆಚ್ಚಿದಷ್ಟೂ ಕೊನೆಯಲ್ಲಿ ನೋಡುವವರ ಜವಾಬ್ದಾರಿ ಹೆಚ್ಚು. ಆ ಕೊನೆಯವರು ನಾವು.

ನೋಡುವುದು ಹೇಗೆ? ಹಾಲು, ಮೊಸರಿನ ಪ್ಯಾಕೆಟ್ಟು ಚೆಂಡಿನಂತೆ ಉಬ್ಬಿದ್ದರೆ ಒಳಗೆ ಸೂಕ್ಷ್ಮಜೀವಿಗಳು ಬೆಳೆದು ಅನಿಲ ಬಿಟ್ಟಿವೆ ಎಂದು ತಿಳಿಯಬೇಕು. ಕುದಿಸಿದರೆ ಸರಿಹೋಗುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ. ಅದಕ್ಕೆ ತದ್ವಿರುದ್ಧವಾದದ್ದು ಆಲೂಗಡ್ಡೆ ಚಿಪ್ಸು. ಅದರೊಳಗೆ ಉದ್ದೇಶಪೂರ್ವಕವಾಗಿ ಸಾರಜನಕ ತುಂಬಿರುತ್ತಾರೆ, ಎಣ್ಣೆ ಕಮಟಾಗದಿರಲಿ, ಚೂರು ಒಡೆಯದಿರಲಿ ಎಂದು. ಆ ಪ್ಯಾಕೆಟ್ಟು ಚಪ್ಪಟೆಯಾಗಿದ್ದರೆ ಅನಿಲ ಹೊರಗೆ ಹೋಗಿದೆ, ಗಾಳಿ ಒಳಗೆ ಬಂದಿದೆ. ಗಾಳಿ ಹೀರಿ ಇಟ್ಟಿಗೆಯಂತೆ ಗಟ್ಟಿ ಮಾಡಿದ ಕಾಫಿಪುಡಿ ಪ್ಯಾಕೆಟ್ಟು ಮೆತ್ತಗಾಗಿದ್ದರೂ ಅದೇ ಕಥೆ. ತಗಡಿನ ಡಬ್ಬಿಯ ಮುಚ್ಚಳ ಉಬ್ಬಿದ್ದರೆ ಮುಟ್ಟಲೇಬೇಡಿ. ಗಾಳಿಯಿಲ್ಲದ ಕಡೆಯೇ ಬೆಳೆಯುವ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಅಂಥ ಡಬ್ಬಿಯಲ್ಲಿ ಇರಬಹುದು. ಅದರ ವಿಷ ಸೂಜಿಮೊನೆಯಷ್ಟಾದರೂ ಪ್ರಾಣಕ್ಕೇ ಎರವು. ರುಚಿ ನೋಡಿ ತೀರ್ಮಾನಿಸುವ ವಸ್ತು ಅದಲ್ಲ.

ಈ ವಿದ್ಯೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ ಎಂಬುದನ್ನು ಇಲ್ಲೇ ಹೇಳಬೇಕು. ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಅದೇ ಊರಿನಲ್ಲಿ 1961ರಲ್ಲಿ ಹುಟ್ಟಿದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಎರಡೂ ಆಹಾರವನ್ನು ಕೆಡದಂತೆ ಕಟ್ಟುವುದು ಹೇಗೆ ಎಂದು ದಶಕಗಳಿಂದ ಕೆಲಸ ಮಾಡಿವೆ. ಹಿಮದ ಗಡಿಯಲ್ಲಿರುವ ಸೈನಿಕನಿಗೆ ಬಿಸಿ ಮಾಡಿದರೆ ಸಾಕು ಎನ್ನುವಂಥ ಅನ್ನ, ಸಾರು ಕಳಿಸಬೇಕಿತ್ತು. ಪಾಲಿಯೆಸ್ಟರ್, ಅಲ್ಯೂಮಿನಿಯಂ, ಪಾಲಿಪ್ರೊಪಿಲೀನ್ ಪದರಗಳ ಚೀಲದಲ್ಲಿ ಅಡುಗೆ ತುಂಬಿ, ಬಾಯಿ ಬೆಸೆದು, ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸಿದರೆ ಫ್ರಿಜ್ಜಿಲ್ಲದೆ ತಿಂಗಳುಗಟ್ಟಲೆ ಇಡಬಹುದು. ಎಂಟಿಆರ್ ಈ ತಂತ್ರಜ್ಞಾನವನ್ನು ಆ ಪ್ರಯೋಗಾಲಯದಿಂದಲೇ ಪಡೆದು ಬಿಸಿಬೇಳೆಬಾತನ್ನು ಅಂಗಡಿಗೆ ತಂದಿತು. ಅಂಥ ಚೀಲದಲ್ಲಿ ಎಲ್ಲವೂ ನಿಂತಿರುವುದು ಆ ಬೆಸುಗೆಯ ಮೇಲೆ. ಅದರ ಮೇಲೆ ಸುಕ್ಕು ಕಂಡರೆ, ಚೀಲದ ಮಡಿಕೆಯಲ್ಲಿ ಬಿರುಕು ಕಂಡರೆ ಅಂಗಡಿಯಲ್ಲೇ ಬಿಟ್ಟುಬನ್ನಿ.

ಸೀಲಿಗೆ ಇನ್ನೊಂದು ಕೆಲಸವೂ ಇದೆ. ಯಾರೋ ತೆರೆದಿದ್ದರೆ ಅದು ಗೊತ್ತಾಗುವಂತೆ ಮಾಡುವುದು. ನೀರಿನ ಬಾಟಲಿಯ ಬಿರಡೆಯ ಕೆಳಗೆ ಉಂಗುರ ಇರುವುದು ಇದಕ್ಕೇ. ಔಷಧಿ ಬಾಟಲಿಯ ಬಾಯಿಗೆ ಅಲ್ಯೂಮಿನಿಯಂ ಹಾಳೆ ಬಂದದ್ದರ ಹಿಂದೆ ಒಂದು ದಾರುಣ ಘಟನೆಯಿದೆ. 1982ರಲ್ಲಿ ಅಮೆರಿಕದ ಶಿಕಾಗೋ ಸುತ್ತಮುತ್ತ ಟೈಲೆನಾಲ್ ಎಂಬ ನೋವಿನ ಮಾತ್ರೆ ನುಂಗಿದ ಏಳು ಮಂದಿ ಸತ್ತರು. ಯಾರೋ ಅಂಗಡಿಯ ಕಪಾಟಿನಿಂದ ಬಾಟಲಿ ತೆಗೆದು, ಒಳಗೆ ಸಯನೈಡ್ ಬೆರೆಸಿ ಮತ್ತೆ ಅಲ್ಲೇ ಇಟ್ಟಿದ್ದರು. ಕೊಂದವರಿಗೆ ಶಿಕ್ಷೆ ಆಗಲೇ ಇಲ್ಲ. ಕಂಪನಿ 3 ಕೋಟಿಗೂ ಹೆಚ್ಚು ಬಾಟಲಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿತು, ಕೆಲವೇ ವಾರಗಳಲ್ಲಿ ಮೂರು ಪದರದ ಸೀಲು ಹಾಕಿ ಮತ್ತೆ ಬಿಟ್ಟಿತು. ಬಾಯಿ ತೆರೆದದ್ದು ಕಣ್ಣಿಗೆ ಕಾಣುವಂತಿರಬೇಕು ಎಂಬ ನಿಯಮ ಅಲ್ಲಿ ಆಗ ಬಂತು, ಜಗತ್ತೆಲ್ಲ ಆ ದಾರಿ ಹಿಡಿಯಿತು. ಬಿರಡೆ ತಿರುಗಿಸಿದಾಗ ಕಟಕಟ ಎಂದು ಉಂಗುರ ಬಿಡಬೇಕು. ಆ ಸದ್ದು ಬರದ ಬಾಟಲಿಯನ್ನು ವಾಪಸ್ಸು ಕೊಡಿ. ಖಾಲಿಯಾದ ಬಾಟಲಿಯನ್ನು ತುಳಿದು ಚಪ್ಪಟೆ ಮಾಡಿ ಎಸೆಯಿರಿ, ಇಲ್ಲದಿದ್ದರೆ ಅದೇ ಬಾಟಲಿ ಬೇರೆಯವರ ಕೈಯಲ್ಲಿ ಮತ್ತೆ ತುಂಬಬಹುದು. ಹೊಲಕ್ಕೆ ಹೊಡೆಯುವ ಕೀಟನಾಶಕದ ಡಬ್ಬಕ್ಕೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಹೊಲದ ಮಾತು ಬಂದದ್ದರಿಂದ ಈರುಳ್ಳಿ ಬೀಜದ ಬಗ್ಗೆ ಸ್ವಲ್ಪ ನಿಲ್ಲಬೇಕು. ಸೀಲಿನ ಮಹತ್ವ ಇದರಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ, ಮತ್ತು ಅಜ್ಜಂಪುರ ಸೀಮೆ ಈರುಳ್ಳಿ ಬೆಳೆಯುವ ಸೀಮೆ. ಈರುಳ್ಳಿ ಬೀಜದ ಆಯುಸ್ಸು ಬಹಳ ಕಡಿಮೆ. ತೇವ ತಾಗಿದರೆ ತಿಂಗಳುಗಳಲ್ಲಿ ಮೊಳಕೆಯ ಶಕ್ತಿ ಇಳಿದುಹೋಗುತ್ತದೆ. ಆದ್ದರಿಂದಲೇ ದೇಶದ ಬೀಜ ಪ್ರಮಾಣೀಕರಣ ಮಾನದಂಡದಲ್ಲಿ ಅದಕ್ಕೆ ಎರಡು ಮಿತಿ ಇಟ್ಟಿದ್ದಾರೆ. ಸಾಮಾನ್ಯ ಚೀಲದಲ್ಲಿ ತೇವಾಂಶ ಶೇಕಡಾ 8 ಮೀರಬಾರದು. ಹಬೆಯೂ ನುಸುಳದ ಪೊಟ್ಟಣದಲ್ಲಾದರೆ ಶೇಕಡಾ 6 ಮೀರಬಾರದು. ಬಿಗಿ ಪೊಟ್ಟಣಕ್ಕೆ ಕಟ್ಟುನಿಟ್ಟು ಹೆಚ್ಚೇಕೆ ಎಂದರೆ, ಹೊರಗಿನ ತೇವ ಒಳಗೆ ಬಾರದಂತೆಯೇ ಒಳಗಿನ ತೇವವೂ ಹೊರಗೆ ಹೋಗಲಾರದು. ಹಸಿ ಬೀಜ ಒಳಗೇ ಬೆಂದುಹೋಗುತ್ತದೆ. ಪ್ರಮಾಣಿತ ಈರುಳ್ಳಿ ಬೀಜದಲ್ಲಿ ನೂರಕ್ಕೆ ಕನಿಷ್ಠ 70 ಮೊಳೆಯಬೇಕು. ಆ ಪೊಟ್ಟಣವನ್ನು ಅಂಗಡಿಯಲ್ಲಿ ಬಿಡಿಸಿ ಚಿಲ್ಲರೆಯಾಗಿ ತೂಗಿ ಕೊಟ್ಟರೆ ಅದರ ಮೇಲೆ ಬರೆದ ಅಂಕಿಗೆ ಬೆಲೆಯೇ ಉಳಿಯುವುದಿಲ್ಲ. ಮಳೆ ಹಿಡಿದ ದಿನ ಬಾಯಿ ತೆರೆದಿಟ್ಟ ಬೀಜ ಗಾಳಿಯ ತೇವವನ್ನು ಎಳೆದುಕೊಳ್ಳದೆ ಬಿಡುವುದಿಲ್ಲ.

ಬೀಜದ ಚೀಲದ ಚೀಟಿಯ ಬಣ್ಣವೂ ಮಾತಾಡುತ್ತದೆ. ತಳಿವರ್ಧಕ ಬೀಜಕ್ಕೆ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ತಿಳಿಹಸಿರು ಚೀಟಿ ಇದ್ದರೆ ಅದು ಕಂಪನಿ ತಾನೇ ಕೊಟ್ಟುಕೊಂಡ ಭರವಸೆ, ಪ್ರಮಾಣೀಕರಣ ಸಂಸ್ಥೆಯದ್ದಲ್ಲ. ಲಾಟ್ ಸಂಖ್ಯೆ, ಪರೀಕ್ಷೆಯ ದಿನ, ಬಳಕೆಯ ಅವಧಿ ಚೀಟಿಯಲ್ಲಿರಬೇಕು. ಲಾಟ್ ಸಂಖ್ಯೆ ಬಿಲ್ಲಿನಲ್ಲೂ ಇರಲಿ. ಬಿತ್ತುವ ಮೊದಲು ನೂರು ಬೀಜ ಎಣಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ಮೊಳಕೆ ಎಣಿಸುವ ಹಳೆಯ ಪದ್ಧತಿ ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಅದನ್ನು ಬಿಟ್ಟುಕೊಟ್ಟದ್ದು ತಪ್ಪಾಯಿತು. ಒಂದು ಎಕರೆಗೆ ಸುರಿಯುವ ಗೊಬ್ಬರ, ಕೂಲಿ, ನೀರಿನ ಮುಂದೆ ನೂರು ಬೀಜ ಯಾವ ಲೆಕ್ಕ? ಬೆಳೆ ಕೈಗೆ ಬರುವವರೆಗೂ ಖಾಲಿ ಚೀಲ, ಚೀಟಿ, ಬಿಲ್ಲು ಮೂರನ್ನೂ ಜೋಪಾನ ಮಾಡಬೇಕು. ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಬೀಜ ಕೊಂಡ ರೈತನೂ ಗ್ರಾಹಕನೇ, ಅವನು ಗ್ರಾಹಕರ ವೇದಿಕೆಗೆ ಹೋಗಬಹುದು ಎಂದು ಸ್ಪಷ್ಟವಾಗಿ ಹೇಳಿದೆ. ಇದ್ದ ಬೀಜವನ್ನೆಲ್ಲ ಬಿತ್ತಿಬಿಟ್ಟ ರೈತ ಪರೀಕ್ಷೆಗೆ ಮಾದರಿ ತೆಗೆದಿಟ್ಟಿರಲಿಲ್ಲ ಎಂಬ ಕಾರಣಕ್ಕೇ ಅವನ ದೂರನ್ನು ತಳ್ಳಿಹಾಕಲೂ ಆಗದು.

ಶಾಲೆಯ ಮಕ್ಕಳ ವಿಷಯಕ್ಕೂ ಇದು ಸೇರುತ್ತದೆ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾದಾಗಿನಿಂದ ರಾಜ್ಯದ ಸರ್ಕಾರಿ ಶಾಲೆ, ಅಂಗನವಾಡಿಗಳಿಗೆ ಹಾಲಿನಪುಡಿ ಮುಚ್ಚಿದ ಪ್ಯಾಕೆಟ್ಟುಗಳಲ್ಲಿ ಬರುತ್ತದೆ. 18 ಗ್ರಾಂ ಪುಡಿ ಕಲಸಿದರೆ ಒಂದು ಮಗುವಿಗೆ 150 ಮಿಲಿಲೀಟರ್ ಹಾಲು. ಹಾಲಿನಪುಡಿಯಲ್ಲಿ ನೂರಕ್ಕೆ ಐದು ಪಾಲಿಗಿಂತ ಹೆಚ್ಚು ತೇವ ಇರಬಾರದು. ಬೆಸುಗೆ ಸಡಿಲಿದ್ದರೆ ಪುಡಿ ಮೊದಲು ಉಂಡೆ ಕಟ್ಟುತ್ತದೆ, ಆಮೇಲೆ ಬಣ್ಣ ತಿರುಗುತ್ತದೆ, ಕಮಟು ವಾಸನೆ ಬರುತ್ತದೆ. ಬಿಸಿಯೂಟದ ಅಡುಗೆಯ ಅಕ್ಕಂದಿರೇ ಇಲ್ಲಿ ಕೊನೆಯ ಪರೀಕ್ಷಕರು. ಕೈಯಲ್ಲಿ ಹಿಚುಕಿದರೆ ಪುಡಿಯಾಗದ ಉಂಡೆಯಿರುವ ಪ್ಯಾಕೆಟ್ಟನ್ನು ಬದಿಗಿಡುವ ಅಧಿಕಾರ ಅವರಿಗಿರಬೇಕು. ಹಾಗೆ ಬದಿಗಿಟ್ಟದ್ದಕ್ಕೆ ಲೆಕ್ಕ ಕೇಳಿ ಹೆದರಿಸುವಂತಾಗಬಾರದು. ಅವರು ಹೆದರಿದರೆ ಕೆಟ್ಟ ಪುಡಿ ಮಕ್ಕಳ ಲೋಟಕ್ಕೆ ಹೋಗುತ್ತದೆ.

ಇಷ್ಟೆಲ್ಲ ಎರಡನೆಯ ಪ್ರಶ್ನೆಯ ಮಾತು. ಮೊದಲನೆಯದು ಇನ್ನೂ ಕಷ್ಟದ್ದು. 2021ರ ಡಿಸೆಂಬರ್‌ನಲ್ಲಿ ಮೈಸೂರಿನ ಹೊಸಹುಂಡಿಯಲ್ಲಿ ನಕಲಿ ನಂದಿನಿ ತುಪ್ಪ ತಯಾರಿಸುತ್ತಿದ್ದ ಘಟಕ ಸಿಕ್ಕಿಬಿತ್ತು. 2025ರ ನವೆಂಬರ್‌ನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಮತ್ತೊಂದು ಜಾಲ ಹಿಡಿದರು. ಆ ಸಲ ತಮಿಳುನಾಡಿನ ತಿರುಪ್ಪೂರಿನಲ್ಲಿ ತಯಾರಾದ ಕಲಬೆರಕೆ ತುಪ್ಪ ನಂದಿನಿಯ ಹೆಸರಿನಲ್ಲಿ ಬರುತ್ತಿತ್ತು, ವಶಪಡಿಸಿಕೊಂಡದ್ದು 8,000 ಲೀಟರಿಗೂ ಹೆಚ್ಚು. ಇಂಥ ಮಾಲಿನಲ್ಲಿ ಬೆಸುಗೆಗೆ ಏನೂ ಆಗಿರುವುದಿಲ್ಲ. ಬೆಸೆಯುವ ಯಂತ್ರ ಸಂತೆಯ ಮಿಠಾಯಿ ಮಾರುವವರ ಬಳಿಯೂ ಇದೆ, ಮುದ್ರಿತ ಹಾಳೆಯನ್ನೂ ಕದ್ದು ಮಾಡಿಸಬಹುದು. ಬಾಯಿ ಎಷ್ಟೇ ಬಿಗಿಯಿದ್ದರೂ ಒಳಗಿರುವುದು ಶುದ್ಧ ತುಪ್ಪವಲ್ಲ. ಊರೂರಿನ ಮನೆಗಳು ಹನಿ ಹನಿ ಕೂಡಿಸಿ ಕಟ್ಟಿದ ಹೆಸರನ್ನು ಹೀಗೆ ದೋಚುವುದು ರೈತರ ಮನೆಗೇ ಕನ್ನ ಹಾಕಿದ ಹಾಗೆ.

ಬಾಟಲಿ ನೀರಿನದ್ದು ಇನ್ನೂ ಕಳವಳದ ಸಂಗತಿ. 2025ರಲ್ಲಿ ರಾಜ್ಯದಲ್ಲಿ 296 ಮಾದರಿ ಸಂಗ್ರಹಿಸಿ, 255ರ ಪರೀಕ್ಷೆ ಮುಗಿದಾಗ 95 ಅಸುರಕ್ಷಿತ, 88 ಕಳಪೆ ಎಂದು ಬಂತು. ಸರಿಯಿದ್ದದ್ದು 72 ಮಾತ್ರ. ಇವೆಲ್ಲ ಸೀಲು ಹಾಕಿದ ನೀರು. ಬಾಟಲಿ ನೀರಿಗೆ ಐಎಸ್‌ಐ ಗುರುತು ಕಡ್ಡಾಯ ಎಂಬ ಷರತ್ತನ್ನು 2024ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಕೈಬಿಟ್ಟಿತು. ನವೆಂಬರ್ ಕೊನೆಯಲ್ಲಿ ಬಾಟಲಿ ನೀರನ್ನು ಅಪಾಯದ ಸಾಧ್ಯತೆ ಹೆಚ್ಚಿರುವ ಆಹಾರಗಳ ಪಟ್ಟಿಗೆ ಸೇರಿಸಿತು. ಅಂದರೆ ಘಟಕಗಳ ತಪಾಸಣೆ ಹೆಚ್ಚಬೇಕು. ಹೆಚ್ಚುವುದು ಕಾಗದದ ಮೇಲಷ್ಟೇ ಆಗಬಾರದು.

ಬಳ್ಳಾರಿಯ ನೋವನ್ನು ಹೇಳದೆ ಈ ಮಾತು ಮುಂದೆ ಹೋಗದು. 2024ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಹಾಸಿಗೆ ಹಿಡಿದರು. ಡಿಸೆಂಬರ್ ಮೊದಲ ವಾರದೊಳಗೆ ಐವರು ಹೋದರು. ಅನುಮಾನ ಬಿದ್ದದ್ದು ರಕ್ತನಾಳಕ್ಕೆ ಹನಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ಅದರ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಹೆರಿಗೆಗೆ ಬಂದ ಹೆಣ್ಣುಮಗಳು, ಅವಳ ತಾಯಿ, ಅಲ್ಲಿದ್ದ ನರ್ಸು ಇವರಲ್ಲಿ ಯಾರೂ ಸೀಲು ನೋಡಿ ಅಂಥ ಬಾಟಲಿಯ ಒಳಗಿನದನ್ನು ಅರಿಯಲಾರರು. ಅದು ಪ್ರಯೋಗಾಲಯದ ಕೆಲಸ, ಸರ್ಕಾರದ ಕೆಲಸ. ಅದನ್ನು ಕೊಳ್ಳುವವರ ಹೆಗಲಿಗೆ ಹಾಕಿ ನೀವೇ ಎಚ್ಚರವಾಗಿರಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಬೆಸುಗೆಯ ಬಿಗಿ ನೋಡುವುದು ನಮ್ಮ ಪಾಲು, ಒಳಗಿನ ಗುಣ ನೋಡಿಸುವುದು ಆಳುವವರ ಪಾಲು.

ಆದರೂ ಒಳಗಿನ ಗುಣದ ಬಗ್ಗೆ ನಮ್ಮ ಕೈಯಲ್ಲಿ ಆಗುವುದು ಸ್ವಲ್ಪ ಇದೆ. ಪೊಟ್ಟಣದ ಮೇಲೆ ತಯಾರಿಸಿದವರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಾದ ದಿನ, ಎಂಆರ್‌ಪಿ, ದೂರು ಹೇಳುವ ಸಂಖ್ಯೆ ಇರಲೇಬೇಕು. ಆಹಾರವಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇರಬೇಕು. ಬ್ಯಾಚ್ ಸಂಖ್ಯೆಯನ್ನು ಯಾರೂ ಓದುವುದಿಲ್ಲ, ಆದರೆ ಕೆಟ್ಟದ್ದು ಯಾವ ದಿನ ಯಾವ ಯಂತ್ರದಿಂದ ಬಂತು, ಅದರ ಜೊತೆಗಾರ ಪ್ಯಾಕೆಟ್ಟುಗಳು ಯಾವ ಊರಿಗೆ ಹೋದವು ಎಂದು ಹುಡುಕಲು ಇರುವ ದಾರಿ ಅದೊಂದೇ. ದಿನಾಂಕದ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರೆ, ಅಂಕಿ ಉಜ್ಜಿದಂತಿದ್ದರೆ ಕೊಳ್ಳಬೇಡಿ. ಹೆಸರಾಂತ ತುಪ್ಪ ಎಂಆರ್‌ಪಿಗಿಂತ ಬಹಳ ಅಗ್ಗಕ್ಕೆ ಸಿಕ್ಕಿದರೆ ಸಂತೋಷಪಡುವ ಮೊದಲು ಯಾಕೆ ಎಂದು ಕೇಳಿ. ನಮ್ಮದೇ ಜಿಲ್ಲೆಯ ಕಾಫಿಪುಡಿಯಾದರೂ ಚಿಕೋರಿ ಎಷ್ಟು ಎಂಬುದನ್ನು ಪೊಟ್ಟಣದ ಮೇಲೆ ನೋಡಿ. ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕೆ ಕಡಿಮೆ ಇರುವಂತಿಲ್ಲ. ಒಂದು ಲೋಟ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಕಂದು ಬಣ್ಣದ ಎಳೆ ಬಿಡುತ್ತಾ ಕೆಳಗಿಳಿಯುತ್ತದೆ.

ಕೆಟ್ಟ ಪ್ಯಾಕೆಟ್ಟು ಸಿಕ್ಕಾಗ ಕೋಪದಲ್ಲಿ ತಿಪ್ಪೆಗೆ ಎಸೆಯುವುದು ನಮ್ಮ ದೊಡ್ಡ ತಪ್ಪು. "ಅಣ್ಣಾ, ಇದು ಉಬ್ಬೈತೆ, ಬ್ಯಾರೆ ಕೊಡು" ಎಂದು ಅಂಗಡಿಯಲ್ಲೇ ಹೇಳಿದರೆ ಅಂಗಡಿಯವನಿಗೂ ಒಳ್ಳೆಯದು, ಸೋರಿದ್ದನ್ನು ಏಜೆಂಟಿಗೆ ಹಿಂದಿರುಗಿಸಲು ಅವನಿಗೂ ಒಂದು ಮಾತು ಸಿಗುತ್ತದೆ. ಮನೆಗೆ ತಂದ ಮೇಲೆ ಗೊತ್ತಾದರೆ ಪ್ಯಾಕೆಟ್ಟನ್ನು ಹಾಗೇ ಇಟ್ಟು, ಬ್ಯಾಚ್ ಸಂಖ್ಯೆಯ ಫೋಟೊ ತೆಗೆದು, ಬಿಲ್ಲು ಜೊತೆಗಿಟ್ಟು 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ತೂಕ ಕಡಿಮೆಯಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆ, ಆಹಾರ ಕೆಟ್ಟಿದ್ದರೆ ಆಹಾರ ಸುರಕ್ಷತಾ ಅಧಿಕಾರಿ.

ಆ ಅಧಿಕಾರಿ ಅಂಗಡಿಯಲ್ಲಿ ಮಾದರಿ ತೆಗೆದರೆ ಅದನ್ನು ನಾಲ್ಕು ಭಾಗ ಮಾಡಿ ಪ್ರತಿಯೊಂದಕ್ಕೂ ಸೀಲು ಹಾಕಬೇಕು. ಒಂದು ಭಾಗ ಪ್ರಯೋಗಾಲಯಕ್ಕೆ ಹೋಗುತ್ತದೆ, 14 ದಿನದೊಳಗೆ ವರದಿ ಬರಬೇಕು. ಉಳಿದವು ಮರುಪರೀಕ್ಷೆಗೆ. ಆ ಸೀಲು ಮುರಿದಿದ್ದರೆ ಪ್ರಕರಣವೇ ಬಿದ್ದುಹೋಗಬಹುದು. ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಸಾಮಾನ್ಯ ಗ್ರಾಹಕರಿಗೂ ಒಂದು ಹಕ್ಕು ಕೊಟ್ಟಿದೆ. ಕೊಳ್ಳುವಾಗಲೇ ಅಂಗಡಿಯವರಿಗೆ ಪರೀಕ್ಷೆಗೆ ಕಳಿಸುತ್ತೇನೆ ಎಂದು ತಿಳಿಸಿ, ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕಾಯ್ದೆ ಮೀರಿದೆ ಎಂದು ಬಂದರೆ ಕಟ್ಟಿದ ಶುಲ್ಕ ವಾಪಸ್ಸು. ಒಬ್ಬರಿಗೆ ಇದು ತ್ರಾಸವೆನಿಸಿದರೆ ಸ್ತ್ರೀಶಕ್ತಿ ಸಂಘದವರು, ಹಾಲಿನ ಸಂಘದವರು ಸೇರಿ ಊರಿನಲ್ಲಿ ಹೆಚ್ಚು ಮಾರಾಟವಾಗುವ ಎಣ್ಣೆಯನ್ನೋ ಕ್ಯಾನಿನ ನೀರನ್ನೋ ವರ್ಷಕ್ಕೊಮ್ಮೆ ಕಳಿಸಬಹುದು. ಜೊತೆಗೆ, ತಾಲ್ಲೂಕಿನಲ್ಲಿ ಈ ವರ್ಷ ಎಷ್ಟು ಮಾದರಿ ತೆಗೆದರು, ಯಾವ ಬ್ಯಾಚು ಕಳಪೆ ಎಂದು ಬಂತು ಎಂಬುದನ್ನು ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಬರೆಸಿ ಎಂದು ಗ್ರಾಮಸಭೆಯಲ್ಲಿ ಕೇಳಬೇಕು. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ.